ಅಂಗಾಲಿನ ನೋಯುವ ಗಂಟು: ಆಣಿಯೋ, ನರುಲಿಯೋ?

ಪ್ರಶ್ನೆ: ನನಗೆ 34 ವರ್ಷ. ಬಲಗಾಲಿನ ಅಂಗಾಲಲ್ಲಿ, ಎರಡನೇ ಬೆರಳಿನ ಬುಡಕ್ಕಿಂತ ಸ್ವಲ್ಪ ಹಿಂದೆ, ಗಟ್ಟಿಯಾದ ಗಂಟೊಂದು ಬೆಳೆದಿದೆ. ನಾಲ್ಕೈದು ತಿಂಗಳಾಯಿತು. ನಡೆಯುವಾಗ ಚಪ್ಪಲಿಯೊಳಗೆ ಕಲ್ಲು ಸಿಕ್ಕಿಕೊಂಡ ಹಾಗೆ ನೋವು. ಆಣಿ ಅಂದುಕೊಂಡು ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯನ್ನು ಒಂದು ವಾರ ಅಂಟಿಸಿದೆ. ಕಡಿಮೆಯಾಗಲಿಲ್ಲ. ಆಮೇಲೆ ಬ್ಲೇಡಿನಿಂದ ಮೇಲಿನ ಪದರ ಕೆತ್ತಿದೆ. ರಕ್ತ ಬಂತು, ಒಳಗೆ ಕಪ್ಪು ಚುಕ್ಕೆಗಳು ಕಂಡವು. ಬೇರು ಒಳಗೇ ಉಳಿದಿದೆ, ಅದನ್ನು ತೆಗೆಯದೆ ಹೋಗಲ್ಲ ಅಂತ ಮನೆಯವರು ಹೇಳುತ್ತಾರೆ. ಈಗ ಪಕ್ಕದಲ್ಲೇ ಇನ್ನೊಂದು ಚಿಕ್ಕದು ಬಂದಿದೆ. ಇದೇನು? ಮನೆಯಲ್ಲೇ ವಾಸಿ ಮಾಡಿಕೊಳ್ಳಬಹುದೇ? ನಮ್ಮ ತಾಯಿಯ ಕಾಲಿನ ಕಿರುಬೆರಳ ಮೇಲೂ ಹೀಗೇ ಗಟ್ಟಿಯಾಗಿದೆ. ಅವರಿಗೆ ಶುಗರ್ ಇದೆ. ನನ್ನ ಔಷಧಿಯನ್ನೇ ಅವರಿಗೂ ಹಚ್ಚಬಹುದಾ?

ಉತ್ತರ: ನೀವು ಬರೆದದ್ದನ್ನು ಓದಿದರೆ ಇದು ಆಣಿಯಲ್ಲ, ಅಂಗಾಲಿನ ನರುಲಿ ಇರುವ ಸಾಧ್ಯತೆಯೇ ಜಾಸ್ತಿ. ಕೆಲವರು ಇದನ್ನು ನರಹುಲಿ ಅನ್ನುತ್ತಾರೆ. ಸುಳಿವುಗಳನ್ನು ನೀವೇ ಕೊಟ್ಟಿದ್ದೀರಿ. ಒಳಗೆ ಕಪ್ಪು ಚುಕ್ಕೆಗಳಿವೆ, ಮೇಲಿನ ಪದರ ಕೆತ್ತಿದ್ದಕ್ಕೇ ರಕ್ತ ಬಂದಿದೆ, ಪಕ್ಕದಲ್ಲಿ ಇನ್ನೊಂದು ಹುಟ್ಟಿದೆ. ಆಣಿ ಹಾಗೆ ಮರಿ ಹಾಕುವುದಿಲ್ಲ. ನಿಮಗೆ ಬೇರೆ ಕಾಯಿಲೆ ಇಲ್ಲದಿದ್ದರೆ ಮನೆಯಲ್ಲೇ ಚಿಕಿತ್ಸೆ ಮಾಡಿಕೊಳ್ಳಬಹುದು. ನಿಮ್ಮ ತಾಯಿಗೆ ಮಾತ್ರ ಬೇಡ. ಅವರ ವಿಷಯಕ್ಕೆ ಮುಂದೆ ಬರುತ್ತೇನೆ, ಅಲ್ಲಿಯವರೆಗೆ ಅವರ ಕಾಲಿಗೆ ಏನನ್ನೂ ಹಚ್ಚಬೇಡಿ.

ಔಷಧಿಗಿಂತ ಮೊದಲು ಗುರುತು ಖಚಿತವಾಗಬೇಕು. ಆಣಿಗೂ ನರುಲಿಗೂ ಕಾರಣವೇ ಬೇರೆ. ಆಣಿ ಬರುವುದು ಒತ್ತಡದಿಂದ. ಒತ್ತಡ ಹೋಗದೆ ಏನು ಹಚ್ಚಿದರೂ ಅದು ತಿರುಗಿ ಬರುತ್ತದೆ. ನರುಲಿ ಬರುವುದು ವೈರಸ್‌ನಿಂದ. ಮೆತ್ತನೆಯ ಚಪ್ಪಲಿ ಹಾಕಿದರೆ ನೋವು ಕಡಿಮೆಯಾಗಬಹುದು, ನರುಲಿ ಹೋಗುವುದಿಲ್ಲ. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿಯೇ ಎಷ್ಟೋ ಜನ ವರ್ಷಗಟ್ಟಲೆ ತಪ್ಪು ಪಟ್ಟಿ ಅಂಟಿಸಿಕೊಂಡು ಓಡಾಡುತ್ತಾರೆ.

ಗುರುತು ಹಿಡಿಯುವುದು ಹೀಗೆ. ರಾತ್ರಿ ಕಾಲನ್ನು ಐದರಿಂದ ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ. ಒರೆಸಿಕೊಂಡು, ಉಗುರು ಉಜ್ಜುವ ಕಾಗದದ ಫೈಲ್‌ನಿಂದ ಮೇಲಿನ ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ ತೆಗೆಯಿರಿ. ನೋವಾಗುವಷ್ಟು ಉಜ್ಜಬೇಡಿ. ಆಮೇಲೆ ಒಳ್ಳೆಯ ಬೆಳಕಿನಲ್ಲಿ ನೋಡಿ. ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಇನ್ನೂ ಸುಲಭ. ಬೆರಳ ತುದಿಯಲ್ಲಿ ಸಣ್ಣ ಗೆರೆಗಳಿರುತ್ತವಲ್ಲ, ಅಂಥವೇ ಗೆರೆಗಳು ಅಂಗಾಲಿನ ಮೇಲೆಲ್ಲ ಇವೆ. ಗಂಟಿನ ಹೊರಗಿನಿಂದ ಒಂದು ಗೆರೆ ಹಿಡಿದು ಅದು ಎಲ್ಲಿಗೆ ಹೋಗುತ್ತದೆ ನೋಡಿ. ಬರೀ ಜಡ್ಡುಗಟ್ಟಿದ ಚರ್ಮವಾದರೆ ಗೆರೆ ಅದರ ಮೇಲೆ ಹಾದು ಆಚೆ ಹೋಗುತ್ತದೆ, ಜಡ್ಡಿಗೆ ಅಂಚು ಇಲ್ಲಿಂದ ಇಲ್ಲಿಗೆ ಅಂತ ಸ್ಪಷ್ಟ ಇರುವುದಿಲ್ಲ. ಆಣಿಯಾದರೆ ನಟ್ಟ ನಡುವೆ ಹಳದಿ ಬಣ್ಣದ, ಬೆಳಕು ಸ್ವಲ್ಪ ಒಳಹೋಗುವಂಥ ಗಟ್ಟಿ ತಿರುಳು ಕಾಣುತ್ತದೆ. ಚುಕ್ಕೆ ಇರುವುದಿಲ್ಲ, ಉಜ್ಜಿದರೆ ರಕ್ತವೂ ಬರುವುದಿಲ್ಲ. ನರುಲಿಯಾದರೆ ಗೆರೆಗಳು ಅದರ ಅಂಚಿನಲ್ಲಿ ತಟ್ಟನೆ ನಿಂತುಬಿಡುತ್ತವೆ, ಇಲ್ಲವೇ ಅದನ್ನು ಬಳಸಿಕೊಂಡು ಹೋಗುತ್ತವೆ. ಒಳಗೆ ಒರಟು, ನಾರುನಾರಾದ ಚರ್ಮ. ಅದರ ನಡುವೆ ಸೂಜಿಮೊನೆಯಷ್ಟೇ ಇರುವ ಕಂದು, ಕಪ್ಪು ಚುಕ್ಕೆಗಳು. ಸ್ವಲ್ಪ ಜಾಸ್ತಿ ಉಜ್ಜಿದರೆ ಆ ಚುಕ್ಕೆಗಳಿಂದಲೇ ಒಂದೊಂದು ಬಿಂದು ರಕ್ತ ಜಿನುಗುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಬಹುದಾದ ಗುರುತು ಈ ಗೆರೆಗಳದ್ದೇ. ಚುಕ್ಕೆಗಳು ಎಲ್ಲ ನರುಲಿಯಲ್ಲೂ ಕಾಣುವುದಿಲ್ಲ. ಜೋರಾಗಿ ಓಡುವವರ ಹಿಮ್ಮಡಿಯಲ್ಲಿ ಪೆಟ್ಟಿನಿಂದ ರಕ್ತ ಹೆಪ್ಪುಗಟ್ಟಿಯೂ ಕಪ್ಪು ಚುಕ್ಕೆಗಳು ಬರುತ್ತವೆ.

ಹಿಂಡಿ ನೋಡುವ ಪರೀಕ್ಷೆಯೂ ಒಂದಿದೆ. ಗಂಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಎರಡೂ ಪಕ್ಕದಿಂದ ಹಿಡಿದು ಹಿಂಡಿ. ನರುಲಿ ಹೀಗೆ ಹಿಂಡಿದಾಗ ಚುರ್ ಎನ್ನುತ್ತದೆ. ಆಣಿ ಮೇಲಿನಿಂದ ನೇರವಾಗಿ ಒತ್ತಿದಾಗ ಹೆಚ್ಚು ನೋಯುತ್ತದೆ. ಆದರೆ ನಿಮ್ಮ ಗಂಟು ಇರುವುದು ಮೈಭಾರವೆಲ್ಲ ಬೀಳುವ ಜಾಗದಲ್ಲಿ. ಅಲ್ಲಿ ನರುಲಿಯ ಮೇಲೂ ಜಡ್ಡು ಬೆಳೆದು, ಹೇಗೆ ಒತ್ತಿದರೂ ನೋಯಬಹುದು. ಹಾಗಾಗಿ ನೀವು ನೋವಿಗಿಂತ ಗೆರೆಗಳನ್ನೇ ನಂಬಿ.

ಈಗ ಬೇರಿನ ವಿಷಯ. ನರುಲಿಗೆ ಬೇರಿಲ್ಲ. ಅದು ಚರ್ಮದ ಮೇಲ್ಪದರದಲ್ಲಿ ಮಾತ್ರ ಇರುತ್ತದೆ, ಕೆಳಗಿನ ಪದರಕ್ಕೆ ಇಳಿಯುವುದಿಲ್ಲ. ಕೈಮೇಲೆ ಬಂದಾಗ ಹೊರಕ್ಕೆ ಉಬ್ಬುತ್ತದೆ. ಅಂಗಾಲಿನಲ್ಲಿ ಮೈಭಾರ ಒತ್ತುವುದರಿಂದ ಒಳಕ್ಕೆ ತಳ್ಳಲ್ಪಟ್ಟು ಚಪ್ಪಟೆಯಾಗುತ್ತದೆ. ಅದಕ್ಕೇ ಆಳವಾಗಿ ಬೇರು ಬಿಟ್ಟಂತೆ ಅನಿಸುವುದು. ನಿಮಗೆ ಕಂಡ ಕಪ್ಪು ಚುಕ್ಕೆಗಳು ಬೇರಿನ ತುದಿಯೂ ಅಲ್ಲ, ಬೀಜವೂ ಅಲ್ಲ. ಬೆಳೆಯಲು ರಕ್ತ ಬೇಕಾಗಿ ನರುಲಿ ಎಳೆದುಕೊಂಡ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಅವು. ಒಳಗಿನ ರಕ್ತ ಹೆಪ್ಪುಗಟ್ಟಿ ಕಪ್ಪಾಗಿ ಕಾಣುತ್ತದೆ. ಬೇರು ಕೀಳಬೇಕು ಅಂತ ಬಗೆಯುತ್ತಾ ಹೋದರೆ ಸಿಗುವುದು ಬೇರಲ್ಲ, ಕೆಳಗಿನ ಒಳ್ಳೆಯ ಚರ್ಮ. ಅಲ್ಲಿ ಗಾಯವಾದರೆ ಕಲೆ ಉಳಿಯುತ್ತದೆ. ಅಂಗಾಲಿನ ಕಲೆ ಮೇಲೆ ದಿನವಿಡೀ ನಡೆಯಬೇಕಲ್ವಾ? ನರುಲಿ ಹೋದರೂ ಆ ಕಲೆ ವರ್ಷಗಟ್ಟಲೆ ನೋಯಿಸಬಹುದು.

ಬ್ಲೇಡು ಬೇಡ ಎನ್ನಲು ಇನ್ನೂ ಒಂದು ಕಾರಣ ಇದೆ. ಕೆತ್ತಿದಾಗ ವೈರಸ್ ತುಂಬಿದ ಚರ್ಮದ ಚೂರುಗಳು ಪಕ್ಕದ ಸಣ್ಣ ಗೀರುಗಳಿಗೆ ಸೇರುತ್ತವೆ. ನಿಮ್ಮ ಎರಡನೇ ಗಂಟು ಹೀಗೇ ಹುಟ್ಟಿರಬಹುದು. ಆ ಬ್ಲೇಡನ್ನು ಇವತ್ತೇ ಕಾಗದದಲ್ಲಿ ಸುತ್ತಿ ಬಿಸಾಡಿ. ಶೇವಿಂಗ್‌ಗೆ ಮತ್ತೆ ಬಳಸಿದರೆ ನರುಲಿ ಗಲ್ಲಕ್ಕೂ ಹೋಗಬಹುದು.

ವೈರಸ್ ಎಂದ ಕೂಡಲೇ ಹೆದರಬೇಕಿಲ್ಲ. ಇದು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಆ ಹೆಸರು ಕೇಳಿ ಗರ್ಭಕೊರಳಿನ ಕ್ಯಾನ್ಸರ್ ನೆನಪಾಗಿ ಗಾಬರಿಯಾಗುವವರಿದ್ದಾರೆ. ಈ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಆ ಕ್ಯಾನ್ಸರ್‌ಗೆ ಮುಖ್ಯವಾಗಿ ಕಾರಣವಾಗುವುದು 16 ಮತ್ತು 18ನೇ ಬಗೆ. ಅಂಗಾಲಿಗೆ ಸಾಮಾನ್ಯವಾಗಿ ಬರುವವು 1, 2, 4, 27, 57ನೇ ಬಗೆಗಳು. ಇದು ಬೇರೆ, ಅದು ಬೇರೆ. ನರುಲಿ ಅಂಟುವಂಥದ್ದು ಅಂತ ಗೊತ್ತಾದದ್ದು ಹಳೆಯ ಮಾತು. 1907ರಲ್ಲಿ ಇಟಲಿಯ ವೈದ್ಯ ಜ್ಯುಸೆಪ್ಪೆ ಚುಫೋ ನರುಲಿಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ಹಾಯದಷ್ಟು ಸಣ್ಣ ಜರಡಿಯಲ್ಲಿ ಸೋಸಿ, ಆ ದ್ರವವನ್ನು ತನ್ನ ಕೈಗೇ ಚುಚ್ಚಿಕೊಂಡರು. ಕೆಲವು ತಿಂಗಳ ಮೇಲೆ ಅಲ್ಲಿ ನರುಲಿ ಎದ್ದಿತು. ಇದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಸಂಗತಿ ಆ ತಿಂಗಳುಗಳ ಅಂತರ. ವೈರಸ್ ತಗುಲಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಗಂಟು ಕಾಣುತ್ತದೆ. ಹಾಗಾಗಿ ಯಾರಿಂದ ಬಂತು, ಎಲ್ಲಿಂದ ಬಂತು ಅಂತ ಹುಡುಕಿ ಪ್ರಯೋಜನವಿಲ್ಲ.

ಔಷಧಿಗೆ ಹೋಗುವ ಮೊದಲು, ಆಣಿಯೂ ಅಲ್ಲದ ನರುಲಿಯೂ ಅಲ್ಲದ ಗಂಟುಗಳ ಬಗ್ಗೆ ಎರಡು ಮಾತು. ಮುಳ್ಳೋ ಗಾಜಿನ ಚೂರೋ ಒಳಗೆ ಉಳಿದರೆ ಅದರ ಸುತ್ತ ಚರ್ಮ ಗಟ್ಟಿಯಾಗುತ್ತದೆ. ಏನೋ ಚುಚ್ಚಿದ ನೆನಪಿದ್ದರೆ ವೈದ್ಯರಿಗೆ ಹೇಳಿ. ಪಾದದ ಕಮಾನಿನಲ್ಲಿ, ಮೇಲಿನ ಚರ್ಮ ಮಾಮೂಲಾಗಿದ್ದು ಅದರ ಅಡಿಯಲ್ಲಿ ಗೋಲಿಯಷ್ಟು ಗಟ್ಟಿ ಗಂಟು ಕೈಗೆ ಸಿಕ್ಕರೆ ಅದು ಒಳಗಿನ ನಾರುಪಟ್ಟಿಯಲ್ಲಿ ಬೆಳೆದದ್ದು. ಅದಕ್ಕೆ ಮೇಲೆ ಏನು ಹಚ್ಚಿದರೂ ತಲುಪುವುದಿಲ್ಲ.

ಇನ್ನೊಂದು ಅಪರೂಪದ್ದು, ಆದರೆ ಬಿಡದೆ ಹೇಳಲೇಬೇಕಾದದ್ದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಂಗಾಲಿನಲ್ಲೂ ಉಗುರಿನಡಿಯಲ್ಲೂ ಬರುತ್ತದೆ. ಕಪ್ಪು, ಕಂದು ಮೈಬಣ್ಣದವರಿಗೆ ಮೆಲನೋಮ ಬರುವುದೇ ಕಡಿಮೆ. ಬಂದಾಗ ಮಾತ್ರ ಹೆಚ್ಚಾಗಿ ಬಿಸಿಲು ಬೀಳದ ಇಂಥ ಜಾಗಗಳಲ್ಲೇ ಕಾಣಿಸಿಕೊಳ್ಳುತ್ತದೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಹೆಬ್ಬೆರಳ ಉಗುರಿನಡಿ ಇದು ಪತ್ತೆಯಾಯಿತು. ಮೊದಲು ಅದನ್ನು ಫುಟ್‌ಬಾಲ್ ಆಡುವಾಗ ಆದ ಗಾಯ ಅಂದುಕೊಂಡಿದ್ದರು. 1981ರಲ್ಲಿ 36ನೇ ವಯಸ್ಸಿಗೆ ಅವರು ತೀರಿಕೊಂಡರು. ಹೆದರಿಸಲು ಇದನ್ನು ಹೇಳುತ್ತಿಲ್ಲ. ನರುಲಿಯ ಕಪ್ಪು ಸಣ್ಣ ಚುಕ್ಕೆಗಳಾಗಿ ಬಿಡಿಬಿಡಿಯಾಗಿರುತ್ತದೆ. ಅದರ ಬದಲು ಕಪ್ಪು, ಕಂದು ಅಥವಾ ನೀಲಿ ಬಣ್ಣ ಮಚ್ಚೆಯಾಗಿ ಹರಡುತ್ತಿದ್ದರೆ, ಅಂಚು ಓರೆಕೋರೆಯಾಗಿದ್ದರೆ, ಮುಟ್ಟದೆಯೂ ರಕ್ತ ಬರುತ್ತಿದ್ದರೆ, ಹುಣ್ಣಾಗಿ ಮಾಯದೆ ಉಳಿದರೆ ಏನೂ ಹಚ್ಚದೆ ಚರ್ಮರೋಗ ತಜ್ಞರಿಗೆ ತೋರಿಸಿ. ಕೆಲವು ಮೆಲನೋಮಗಳಿಗೆ ಬಣ್ಣವೇ ಇರುವುದಿಲ್ಲ, ಗುಲಾಬಿ ಗಂಟಾಗಿ ಬೆಳೆಯುತ್ತವೆ. ಅದಕ್ಕೇ ಮೂರು ತಿಂಗಳು ಸರಿಯಾಗಿ ಚಿಕಿತ್ಸೆ ಮಾಡಿದರೂ ಜಗ್ಗದ, ದೊಡ್ಡದಾಗುತ್ತಲೇ ಇರುವ ಒಂಟಿ ಗಂಟನ್ನು ನರುಲಿ ಅಂತ ಸುಮ್ನೆ ಬಿಡಬಾರದು.

ಇನ್ನು ಚಿಕಿತ್ಸೆ. ನರುಲಿಯನ್ನು ಏನೂ ಮಾಡದೆ ಬಿಡುವುದೂ ಒಂದು ದಾರಿ. ಮಕ್ಕಳಲ್ಲಿ ಎರಡು ವರ್ಷದೊಳಗೆ ಮೂರರಲ್ಲಿ ಎರಡು ಪಾಲು ನರುಲಿಗಳು ತಾವಾಗಿಯೇ ಉದುರಿಹೋಗುತ್ತವೆ, ಒಂದು ದಿನ ದೇಹ ವೈರಸ್ಸನ್ನು ಗುರುತು ಹಿಡಿಯುತ್ತದೆ. ನೋವಿಲ್ಲದ ಮಗುವಿನ ನರುಲಿಗೆ ನಾನು ಏನೂ ಮಾಡದಿರಿ ಅಂತಲೇ ಹೇಳುತ್ತೇನೆ. ದೊಡ್ಡವರಲ್ಲಿ ಇದು ನಿಧಾನ. ನಿಮ್ಮದು ನೋಯುತ್ತಿದೆ, ಹೆಚ್ಚುತ್ತಿದೆ. ಚಿಕಿತ್ಸೆ ಮಾಡುವುದೇ ಸರಿ.

ಮನೆಯಲ್ಲಿ ಮಾಡಬಹುದಾದವುಗಳಲ್ಲಿ ಹೆಚ್ಚು ಆಧಾರ ಇರುವುದು ಸ್ಯಾಲಿಸಿಲಿಕ್ ಆಸಿಡ್‌ಗೆ. ನೀವು ಅಂಟಿಸಿದ ಆಣಿ ಪಟ್ಟಿಯಲ್ಲೂ ಸಾಮಾನ್ಯವಾಗಿ ಇರುವುದು ಅದೇ. ಔಷಧಿ ತಪ್ಪಾಗಿರಲಿಲ್ಲ, ಒಂದು ವಾರ ಸಾಲಲಿಲ್ಲ ಅಷ್ಟೇ. ಇದು ವೈರಸ್ಸನ್ನು ಕೊಲ್ಲುವುದಿಲ್ಲ. ವೈರಸ್ ಕೂತಿರುವ ಗಟ್ಟಿ ಚರ್ಮವನ್ನು ಪದರ ಪದರವಾಗಿ ಸಡಿಲಿಸುತ್ತದೆ, ಜೊತೆಗೆ ಅಲ್ಲಿ ಸ್ವಲ್ಪ ಕೆರಳಿಸುವುದರಿಂದ ದೇಹದ ರಕ್ಷಣಾ ವ್ಯವಸ್ಥೆಯ ಗಮನವೂ ಆ ಕಡೆ ಹೋಗುತ್ತದೆ ಎಂಬುದು ನಮ್ಮ ತಿಳಿವಳಿಕೆ. ಔಷಧಿ ಅಂಗಡಿಯಲ್ಲಿ ನರುಲಿಗೆಂದೇ ಸಿಗುವ ದ್ರವ ಅಥವಾ ಜೆಲ್‌ನಲ್ಲಿ ಶೇಕಡಾ 15ರಿಂದ 20ರಷ್ಟು ಇರುತ್ತದೆ, ಪಟ್ಟಿಗಳಲ್ಲಿ ಶೇಕಡಾ 40. ಮೊಡವೆಗೆ ಹಚ್ಚುವ ಶೇಕಡಾ 2ರದ್ದು ಇಲ್ಲಿ ಏನೂ ಮಾಡದು.

ಹಚ್ಚುವ ಕ್ರಮದಲ್ಲೇ ಅರ್ಧ ಗೆಲುವಿದೆ. ಬ್ಲೇಡಿನ ಗಾಯ ಪೂರ್ತಿ ಒಣಗಿದ ಮೇಲೆ ಶುರು ಮಾಡಿ. ದಿನಾ ರಾತ್ರಿ ಮಲಗುವ ಮುಂಚೆ ಮಾಡುವುದು ಒಳ್ಳೆಯದು. ಕಾಲನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ. ಬಿಳಿಯಾಗಿ ಮೆತ್ತಗಾದ ಚರ್ಮವನ್ನು ಫೈಲ್‌ನಿಂದ ಉಜ್ಜಿ ತೆಗೆಯಿರಿ, ರಕ್ತ ಕಾಣುವ ಮೊದಲೇ ನಿಲ್ಲಿಸಿ. ಕಾಲನ್ನು ಚೆನ್ನಾಗಿ ಒರೆಸಿ. ಗಂಟಿನ ಸುತ್ತಲಿನ ಒಳ್ಳೆಯ ಚರ್ಮಕ್ಕೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಆಸಿಡ್ ಅಲ್ಲಿಗೆ ಹರಿದರೂ ಸುಡುವುದಿಲ್ಲ. ಗಂಟಿನ ಮೇಲೆ ಮಾತ್ರ ಒಂದು ಹನಿ ಔಷಧಿ ಹಾಕಿ, ಒಣಗಲು ಬಿಟ್ಟು, ಮೇಲೆ ಬ್ಯಾಂಡೇಜ್ ಪಟ್ಟಿ ಅಂಟಿಸಿ ಮಲಗಿ. ಪಟ್ಟಿಯಲ್ಲೇ ಔಷಧಿ ಇದ್ದರೆ ಗಂಟಿನಷ್ಟೇ ಅಗಲಕ್ಕೆ ಕತ್ತರಿಸಿ ಅಂಟಿಸಿ, ಮೇಲೆ ಟೇಪ್ ಹಾಕಿ. ಎಷ್ಟು ಹೊತ್ತು ಇಡಬೇಕು, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಒಂದೊಂದು ತಯಾರಿಕೆಗೆ ಅದು ಒಂದೊಂದು ಥರ.

ಬೆಳಗ್ಗೆ ಪಟ್ಟಿ ತೆಗೆದಾಗ ಗಂಟು ಬೆಳ್ಳಗೆ, ನೀರು ಕುಡಿದು ಊದಿಕೊಂಡಂತೆ ಕಾಣುತ್ತದೆ. ನೋಡಿ ಗಾಬರಿಯಾಗಬೇಡಿ. ಅದು ಸತ್ತ ಚರ್ಮ, ಆ ರಾತ್ರಿ ಉಜ್ಜಿ ತೆಗೆಯಬೇಕಾದದ್ದು ಅದನ್ನೇ. ಈ ಬಿಳಿ ಪದರವನ್ನು ತೆಗೆಯದೆ ಮೇಲೆ ಮೇಲೆ ಔಷಧಿ ಹಾಕುತ್ತಾ ಹೋದರೆ ಅದು ಕೆಳಗೆ ತಲುಪುವುದೇ ಇಲ್ಲ. ಔಷಧಿ ಹಚ್ಚಿದೆ, ಹೋಗಲಿಲ್ಲ ಅಂತ ಬರುವ ಬಹಳಷ್ಟು ಜನ ಉಜ್ಜುವುದನ್ನೇ ಬಿಟ್ಟಿರುತ್ತಾರೆ. ಸ್ವಲ್ಪ ಚುರುಚುರು ಎಂದರೆ ಪರವಾಗಿಲ್ಲ. ಸುತ್ತ ಕೆಂಪಾಗಿ, ಕಾಲಿಡಲು ಆಗದಷ್ಟು ಉರಿ ಬಂದರೆ ಎರಡು ಮೂರು ದಿನ ನಿಲ್ಲಿಸಿ, ನೋವು ಇಳಿದ ಮೇಲೆ ಮತ್ತೆ ಮುಂದುವರಿಸಿ. ಕೀವು, ಊತ, ಪಾದದ ಮೇಲಕ್ಕೆ ಹಬ್ಬುವ ಕೆಂಪು ಕಂಡರೆ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ಎಷ್ಟು ದಿನ? 12 ವಾರ ಅಂತ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಒಂದು ಕಹಿ ಸತ್ಯವನ್ನೂ ಮುಚ್ಚಿಡುವುದಿಲ್ಲ. 2011ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅಂಗಾಲಿನ ನರುಲಿ ಇದ್ದ 240 ಮಂದಿಯಲ್ಲಿ ಅರ್ಧ ಜನ ಮನೆಯಲ್ಲೇ ಶೇಕಡಾ 50ರ ಸ್ಯಾಲಿಸಿಲಿಕ್ ಆಸಿಡ್ ಹಚ್ಚಿಕೊಂಡರು, ಉಳಿದರ್ಧ ಜನ ಚಿಕಿತ್ಸಾಲಯದಲ್ಲಿ ದ್ರವ ಸಾರಜನಕದಿಂದ ನರುಲಿಯನ್ನು ಹೆಪ್ಪುಗಟ್ಟಿಸಿಕೊಂಡರು. 12 ವಾರದ ಹೊತ್ತಿಗೆ ಎರಡೂ ಕಡೆ ಪೂರ್ತಿ ವಾಸಿಯಾದವರು ಸುಮಾರು ಶೇಕಡಾ 14 ಮಾತ್ರ. ಅಂದರೆ ಅಂಗಾಲಿನ ನರುಲಿ ಹಟಮಾರಿ. ಮೂರು ತಿಂಗಳಾದರೂ ಪೂರ್ತಿ ಹೋಗದಿದ್ದರೆ ಅದು ನಿಮ್ಮ ತಪ್ಪಲ್ಲ. ಹೆಪ್ಪುಗಟ್ಟಿಸುವುದು ಹೆಚ್ಚು ನೋವು ಕೊಡುತ್ತದೆ, ಅದಕ್ಕೆ ಮತ್ತೆ ಮತ್ತೆ ಹೋಗಬೇಕು. ಫಲ ಹೆಚ್ಚು ಕಡಿಮೆ ಒಂದೇ ಆದ ಮೇಲೆ ಮನೆಯಲ್ಲಿ ಮಾಡಬಹುದಾದ್ದರಿಂದಲೇ ಶುರು ಮಾಡುವುದು ಜಾಣತನ. ಔಷಧಿಯಿಲ್ಲದ ಬರೀ ದ್ರವ ಹಚ್ಚಿದವರಿಗಿಂತ ಸ್ಯಾಲಿಸಿಲಿಕ್ ಆಸಿಡ್ ಹಚ್ಚಿದವರಿಗೆ ಚೆನ್ನಾಗಿ ಗುಣವಾಗುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡಿದೆ.

ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಚುಕ್ಕೆಗಳು ಮಾಯವಾಗಿ, ನಿಂತುಹೋಗಿದ್ದ ಗೆರೆಗಳು ಗಂಟಿನ ಜಾಗದ ಮೇಲೆ ಮತ್ತೆ ಹಾದುಹೋದವು ಅಂದರೆ ನರುಲಿ ಹೋಯಿತು. ಚಪ್ಪಟೆಯಾಯಿತು ಅಂತ ಅದಕ್ಕೂ ಮೊದಲೇ ಬಿಟ್ಟರೆ ತಿರುಗಿ ಬರುತ್ತದೆ. ಗೆರೆ ಬಂದ ಮೇಲೂ ಒಂದು ವಾರ ಮುಂದುವರಿಸಿ.

ಅಲ್ಲಿಯವರೆಗೆ ನೋವಿಗೆ ಏನು ಮಾಡುವುದು? ನಡುವೆ ತೂತಿರುವ ಬಳೆಯಾಕಾರದ ಮೆತ್ತೆಗಳು ಸಿಗುತ್ತವೆ. ಗಂಟು ತೂತಿನೊಳಗೆ ಬರುವಂತೆ ಅಂಟಿಸಿದರೆ ಭಾರ ಸುತ್ತಲಿನ ಚರ್ಮದ ಮೇಲೆ ಬೀಳುತ್ತದೆ. ಅಡಿ ದಪ್ಪ, ಮೆತ್ತಗಿರುವ ಚಪ್ಪಲಿ ಹಾಕಿ. ಮೇಲಿನ ಜಡ್ಡು ಉಜ್ಜಿ ತೆಗೆದ ದಿನವೇ ನೋವು ಅರ್ಧ ಇಳಿದದ್ದು ನಿಮಗೇ ಗೊತ್ತಾಗುತ್ತದೆ.

ಮನೆಯಲ್ಲೇ ಹೆಪ್ಪುಗಟ್ಟಿಸುವ ಸ್ಪ್ರೇಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ವೈದ್ಯರು ಬಳಸುವ ದ್ರವ ಸಾರಜನಕ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಮನೆಯ ಸ್ಪ್ರೇ ಹೆಚ್ಚೆಂದರೆ ಮೈನಸ್ 57ರ ಆಸುಪಾಸು. ಅಂಗಾಲಿನ ದಪ್ಪ ಚರ್ಮ ದಾಟಿ ಕೆಳಗಿಳಿಯಲು ಅದಕ್ಕೆ ಕಷ್ಟ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಡಕ್ಟ್ ಟೇಪ್ ಅಂಟಿಸುವ ಉಪಾಯ 2002ರ ಒಂದು ಸಣ್ಣ ಅಧ್ಯಯನದಿಂದ ಬಹಳ ಹೆಸರು ಮಾಡಿತು. 2006 ಮತ್ತು 2007ರಲ್ಲಿ ಮತ್ತೆ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಔಷಧಿಯ ಮೇಲೆ ಪಟ್ಟಿ ಜಾರದಂತೆ ಹಿಡಿಯಲು ಟೇಪ್ ಬಳಸಿ, ಅದನ್ನೇ ಔಷಧಿ ಅಂದುಕೊಳ್ಳಬೇಡಿ. ಬೆಳ್ಳುಳ್ಳಿ ಅರೆದು ಕಟ್ಟುವುದು, ವಿನೆಗರ್‌ನಲ್ಲಿ ಅದ್ದಿದ ಹತ್ತಿ ರಾತ್ರಿಯಿಡೀ ಇಡುವುದು, ಸುಡುವ ಎಣ್ಣೆ ಹಾಕುವುದು, ಇವೆಲ್ಲ ಚರ್ಮವನ್ನು ಸುಡುತ್ತವೆ. ಎಷ್ಟು ಆಳಕ್ಕೆ ಸುಟ್ಟಿತು ಎಂಬುದರ ಮೇಲೆ ನಿಮಗೆ ಹಿಡಿತವೇ ಇರುವುದಿಲ್ಲ. ಬೇಡ.

ಈಗ ನಿಮ್ಮ ತಾಯಿಯ ಕಾಲು. ಕಿರುಬೆರಳ ಮೇಲೆ ಬರುವುದು ಹೆಚ್ಚಾಗಿ ಆಣಿಯೇ. ಮುಂಭಾಗ ಇಕ್ಕಟ್ಟಾದ ಪಾದರಕ್ಷೆ ಆ ಬೆರಳ ಮೂಳೆಗೆ ದಿನವಿಡೀ ಉಜ್ಜುತ್ತದೆ. ಶುಗರ್ ಇಲ್ಲದವರಿಗಾದರೆ ನಾನು ಹೇಳುವುದು ಸರಳ. ಅಗಲವಾದ ಪಾದರಕ್ಷೆ, ಬೆರಳಿಗೆ ಮೆತ್ತನೆಯ ಸುತ್ತು, ವಾರದಲ್ಲಿ ಕೆಲವು ದಿನ ನೆನೆಸಿ ಉಜ್ಜುವುದು, ಮೇಲೆ ಯೂರಿಯಾ ಇರುವ ಕ್ರೀಮು. ಆದರೆ ಶುಗರ್ ಇದ್ದವರ ಕಾಲಿನ ಲೆಕ್ಕವೇ ಬೇರೆ. ಬಹಳ ವರ್ಷ ಶುಗರ್ ಇದ್ದರೆ ಪಾದದ ನರಗಳು ಜೋಮು ಹಿಡಿಯುತ್ತವೆ, ರಕ್ತದ ಓಡಾಟ ಕಡಿಮೆಯಾಗುತ್ತದೆ. ನಿಮಗೆ ಉರಿ ಬಂದರೆ ಪಟ್ಟಿ ಕಿತ್ತು ಹಾಕುತ್ತೀರಿ. ಅವರಿಗೆ ಉರಿಯೇ ಗೊತ್ತಾಗದಿರಬಹುದು. ಆಸಿಡ್ ರಾತ್ರಿಯಿಡೀ ಚರ್ಮ ತಿಂದು ಹುಣ್ಣಾದರೂ ಬೆಳಗ್ಗೆ ಅವರು ನಡೆದಾಡುತ್ತಲೇ ಇರುತ್ತಾರೆ. ಆ ಹುಣ್ಣು ಬೇಗ ಮಾಯುವುದಿಲ್ಲ, ಸೋಂಕು ಮೂಳೆಯವರೆಗೂ ಇಳಿಯಬಹುದು. ಆಣಿ ಪಟ್ಟಿಯ ಡಬ್ಬಿಯ ಮೇಲೇ ಶುಗರ್ ಇದ್ದವರು ಬಳಸಬಾರದು ಅಂತ ಎಚ್ಚರಿಕೆ ಇರುತ್ತದೆ. ಹಚ್ಚುವುದು, ಕೆತ್ತುವುದು, ಬಿಸಿನೀರಲ್ಲಿ ನೆನೆಸುವುದು, ಮೂರೂ ಅವರಿಗೆ ಬೇಡ.

ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ. ಅಲ್ಲಿ ತೆಳ್ಳನೆಯ ನೈಲಾನ್ ಎಳೆಯೊಂದನ್ನು ಪಾದಕ್ಕೆ ತಾಗಿಸಿ, ಗೊತ್ತಾಗುತ್ತದೆಯೇ ಅಂತ ಕೇಳುತ್ತಾರೆ. ಪಾದದ ಮೇಲಿನ ನಾಡಿ ಹಿಡಿದು ನೋಡುತ್ತಾರೆ. ಈ ಎರಡು ಪರೀಕ್ಷೆ ಶುಗರ್ ಇದ್ದ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆಯಾದರೂ ಆಗಬೇಕು, ಆಣಿ ಇರಲಿ ಬಿಡಲಿ. ಆಣಿಯನ್ನು ಅಲ್ಲೇ ಸುರಕ್ಷಿತವಾಗಿ ಸವರಿ ತೆಗೆಯುತ್ತಾರೆ. ಹೋಗುವ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ. ಅವರನ್ನು ಬರಿಗಾಲಲ್ಲಿ ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಅವರು ದಿನಾ ಹಾಕುವ ಪಾದರಕ್ಷೆಯನ್ನು ಆ ಗೆರೆಯ ಮೇಲೆ ಇಡಿ. ಪಾದರಕ್ಷೆಯ ಆಚೆ ಗೆರೆ ಕಾಣುತ್ತಿದ್ದರೆ ಆಣಿಗೆ ಕಾರಣ ಸಿಕ್ಕಿತು. ಆ ಜೋಡಿಯನ್ನು ಬದಲಿಸಿ. ದಿನಾ ಅವರ ಪಾದಗಳನ್ನು, ಅಡಿಭಾಗವನ್ನೂ ಬೆರಳ ಸಂದುಗಳನ್ನೂ ಸೇರಿಸಿ ಯಾರಾದರೂ ನೋಡಬೇಕು. ಆಣಿಯ ಸುತ್ತ ಕೆಂಪು, ಬಿಸಿ, ಒಸರು, ದುರ್ವಾಸನೆ ಅಥವಾ ಆಣಿಯ ಅಡಿಯಲ್ಲಿ ಕಪ್ಪಾದ ರಕ್ತ ಕಂಡರೆ ನಾಳೆಗೆ ಕಾಯಬೇಡಿ. ಅವತ್ತೇ ತೋರಿಸಿ.

ಶುಗರ್ ಇಲ್ಲದಿದ್ದರೂ ಕಾಲಿನ ರಕ್ತಸಂಚಾರ ಕಡಿಮೆ ಇರುವವರು, ಪಾದ ಜೋಮು ಹಿಡಿದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಮನೆಯಲ್ಲಿ ಆಸಿಡ್ ಹಚ್ಚಬಾರದು. ಗರ್ಭಿಣಿಯರು, ಚಿಕ್ಕ ಮಕ್ಕಳ ತಂದೆತಾಯಿ ಮೊದಲು ವೈದ್ಯರನ್ನು ಕೇಳಿ.

ಮನೆಯಲ್ಲಿ ಬೇರೆಯವರಿಗೆ ಹರಡದಂತೆ ನೋಡಿಕೊಳ್ಳುವುದು ಕಷ್ಟವೇನಲ್ಲ. ಈ ವೈರಸ್ ಒದ್ದೆ ನೆಲದಲ್ಲಿ ಕಾಯುತ್ತಿರುತ್ತದೆ, ನೆನೆದು ಮೆತ್ತಗಾದ ಚರ್ಮದ ಸಣ್ಣ ಬಿರುಕಿನಲ್ಲಿ ಒಳಸೇರುತ್ತದೆ. ಬಚ್ಚಲಿಗೆ ನಿಮ್ಮದೇ ಚಪ್ಪಲಿ ಇರಲಿ. ಟವೆಲ್, ಸಾಕ್ಸ್, ಉಜ್ಜುವ ಕಲ್ಲು ಬೇರೆ ಇರಲಿ. ನರುಲಿಗೆ ಬಳಸಿದ ಫೈಲ್ ಉಗುರಿಗೆ ಬೇಡ, ವಾಸಿಯಾದ ದಿನ ಬಿಸಾಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಕೂತಲ್ಲಿ ನಿಂತಲ್ಲಿ ಕೆರೆಯುತ್ತಾ ಇರಬೇಡಿ. ನೀರು ಇಳಿಯದ ಪಟ್ಟಿ ಅಂಟಿಸಿಕೊಂಡು ಈಜಲು ಹೋಗಬಹುದು. ಕಾಲು ಬೆವರುವವರು ಸಾಕ್ಸ್ ಒದ್ದೆಯಾದ ಕೂಡಲೇ ಬದಲಿಸಿ.

12 ವಾರ ಬಿಡದೆ ಮಾಡಿದ ಮೇಲೂ ಅಳತೆ ಕಡಿಮೆಯಾಗದಿದ್ದರೆ, ಅದಕ್ಕೂ ಮೊದಲೇ ಹತ್ತಾರು ಸೇರಿ ಹಾಸಿಕೊಂಡಂತೆ ಹರಡಿದರೆ, ನಡಿಗೆಯೇ ಬದಲಾಗುವಷ್ಟು ನೋವಿದ್ದರೆ ಚರ್ಮರೋಗ ತಜ್ಞರನ್ನು ನೋಡಿ. ಅವರು ಮೊದಲು ನಿಜಕ್ಕೂ ನರುಲಿಯೇ ಎಂದು ಖಚಿತ ಮಾಡಿಕೊಳ್ಳುತ್ತಾರೆ, ಅನುಮಾನ ಬಂದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ದ್ರವ ಸಾರಜನಕ, ಇನ್ನೂ ಬಲವಾದ ಆಸಿಡ್, ಬೊಬ್ಬೆ ಎಬ್ಬಿಸುವ ಔಷಧಿ, ನರುಲಿಗೇ ಚುಚ್ಚಿ ದೇಹದ ರಕ್ಷಣಾ ಶಕ್ತಿಯನ್ನು ಎಬ್ಬಿಸುವ ಇಂಜೆಕ್ಷನ್, ಲೇಸರ್, ಹೀಗೆ ಹಲವು ದಾರಿಗಳಿವೆ. ಕತ್ತರಿಸಿ ಹೊಲಿಗೆ ಹಾಕುವುದು ಅಂಗಾಲಿನಲ್ಲಿ ಕೊನೆಯ ದಾರಿ. ಮೊದಲ ಭೇಟಿಯಲ್ಲೇ ಅದನ್ನು ಸೂಚಿಸಿದರೆ ಕಾರಣ ಕೇಳಿ, ಇನ್ನೊಬ್ಬರ ಅಭಿಪ್ರಾಯವನ್ನೂ ಪಡೆಯಿರಿ. ಹೋಗುವಾಗ ವಾರವಾರದ ಫೋಟೋಗಳು ಜೊತೆಗಿರಲಿ. ಯಾವ ಔಷಧಿ, ಶೇಕಡಾ ಎಷ್ಟರದ್ದು, ಎಷ್ಟು ವಾರ ಹಚ್ಚಿದಿರಿ, ನಡುವೆ ಎಷ್ಟು ದಿನ ಬಿಟ್ಟಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಮುಂದಿನ ಚಿಕಿತ್ಸೆ ಯಾವುದು ಅಂತ ಅವರು ಅಲ್ಲೇ ತೀರ್ಮಾನಿಸಬಹುದು.